ಗುಂಗುರುಗೂದಲಿಗೊಂದು ಸ್ನಾನಶಾಸ್ತ್ರ

ಬಾಳವ್ವ ತಲೆ ಎರೆದುಕೊಂಡ ದಿನ ಹುಬ್ಬಳ್ಳಿಯ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಒದ್ದೆಯಿದ್ದಾಗ ಸೊಂಟ ಮುಟ್ಟುತ್ತಿದ್ದ ಅವಳ ಗುಂಗುರುಗೂದಲು ಒಣಗುತ್ತ ಒಣಗುತ್ತ ಮೇಲಕ್ಕೇರಿ, ಹೆಗಲ ಮೇಲೆ ಕೂತು, ಎಡಕ್ಕೂ ಬಲಕ್ಕೂ ತನ್ನ ಸಾಮ್ರಾಜ್ಯವನ್ನು ವಿಸ್ತರಿಸುತ್ತಿತ್ತು. ಅದನ್ನು ಹಿಡಿದು ಹೆಳಲು ಹಾಕುವುದೆಂದರೆ ಯುದ್ಧ. (ಪೂರ್ತಿ ಹಲ್ಲಿರುವ ಹಣಿಗೆ ಆ ಮನೆಯಲ್ಲಿ ಒಂದೂ ಇರಲಿಲ್ಲ. ಪೂರ್ತಿ ಹಲ್ಲಿರುವ ಅತ್ತೆಯೂ ಇರಲಿಲ್ಲ, ಆದರೆ ಅದಕ್ಕೆ ಕಾರಣ ಬೇರೆ.)

ಅವತ್ತು ಯುದ್ಧ ಅರ್ಧಕ್ಕೆ ನಿಂತಿತು. ಬಾಳವ್ವ ಹಣಿಗೆಯನ್ನು ಮೂಲೆಗೆ ಎಸೆದು ಗೋಡೆಗೆ ಒರಗಿ ಕೂತಳು.

“ನಾ ತಮ್ಮನ ಲಗ್ನಕ್ಕ ಬರೂದಿಲ್ರಿ.”

ಪಡಸಾಲೆಯಲ್ಲಿ ಪೇಪರು ಹಿಡಿದು ಹತ್ತಿ ಧಾರಣೆ ನೋಡುತ್ತಿದ್ದ ಗಂಡ ಫಕೀರಪ್ಪ ತಲೆ ಎತ್ತಿದ.

“ಹುಚ್ಚೀ, ಇದ್ದಾಕಿ ನೀ ಒಬ್ಬಾಕಿ ಅಕ್ಕ. ನೀ ಬರಲಿಲ್ಲಂದ್ರ ಆರತಿ ಯಾರು ಹಿಡೀಬೇಕು?”

“ಯಾರರೆ ಹಿಡೀಲಿ. ನಮ್ಮ ತವರೂರು ಗರಗದಾಗ ನನಗ ಏನಂತಾರ ಗೊತ್ತಿಲ್ಲೇನು ನಿಮಗ? ಕುರಿ ಬಾಳಿ! ಹೊಸಾ ಬೀಗರ ಮುಂದ ನಮ್ಮ ಸಾವಕ್ಕತ್ತಿ ಹಂಗ ಕರದ್ಲಂದ್ರ ಎಲ್ಲಿ ಮಾರಿ ಇಟ್ಕೊಳ್ಳಲಿ ನಾ?”

ಸಾವಕ್ಕ ಬಾಳವ್ವನ ಸೋದರತ್ತೆ. ಊರಿಗೆಲ್ಲ ಅಡ್ಡಹೆಸರು ಇಡುವ ಕೆಲಸವನ್ನು ಸಂಬಳವಿಲ್ಲದೆ ನಿಷ್ಠೆಯಿಂದ ನಡೆಸಿಕೊಂಡು ಬಂದವಳು. ಬಾಳವ್ವ ಇದನ್ನು ಜಗಳದ ದನಿಯಲ್ಲಿ ಹೇಳಿದ್ದರೆ ಫಕೀರಪ್ಪ ಮತ್ತೆ ಪೇಪರಿಗೆ ಮರಳುತ್ತಿದ್ದ. ಆದರೆ ಕೊನೆಯ ಮಾತಿಗೆ ಅವಳ ದನಿ ಸ್ವಲ್ಪ ನಡುಗಿತು. ಅವನು ಎದ್ದು ಹತ್ತಿರ ಬಂದ. ಸಮಾಧಾನ ಹೇಳಲು ಬಂದವನ ಕೈ, ಬೆಳಗಿನಿಂದ ಸಂಜೆತನಕ ಹತ್ತಿಯ ಅಡತಿ ಅಂಗಡಿಯಲ್ಲಿ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡಿತು. ಎರಡು ಕೂದಲನ್ನು ಕಿತ್ತು, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಎಳೆದು ನೋಡಿತು.

“ಅಯ್ಯಯ್ಯ! ಏನ್ ಮಾಡಾಕತ್ತೀರಿ?”

“ಯಳಿ ನೋಡಾಕತ್ತೇನಿ.” ಫಕೀರಪ್ಪ ಕೂದಲನ್ನು ಬೆಳಕಿಗೆ ಹಿಡಿದ. ಎಳೆದರೆ ನೆಟ್ಟಗಾಗುತ್ತಿತ್ತು, ಬಿಟ್ಟರೆ ಮತ್ತೆ ಸುರುಳಿ ಸುತ್ತುತ್ತಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ತಾನು ಕಂಡೇ ಇಲ್ಲವಲ್ಲ ಎಂದು ಅವನಿಗೆ ಸೋಜಿಗವಾಯಿತು. “ಜಯಧರ ಹತ್ತಿಗಿಂತ ಉದ್ದ ಐತಿ, ತಾಕತ್ತೂ ಐತಿ. ಮಾಲು ಒಂದನೇ ನಂಬರ. ತೊಳಿಯೂದು ತಪ್ಪೇತಿ, ಅಷ್ಟ.”

“ನನ್ನ ತಲಿ ಏನ್ ಹತ್ತಿ ಅಂಡಗಿ ಅಂತ ತಿಳದೀರೇನು?”

“ಲಗ್ನಕ್ಕ ಇನ್ನೂ ತಿಂಗಳೈತಿ. ನನ್ನ ಕೈಯಾಗ ಕೊಡು.”

ಹೀಗೆ ಬಾಳವ್ವನ ತಲೆ ಫಕೀರಪ್ಪನ ವಶವಾಯಿತು.

ಮೊದಲ ಪ್ರಯೋಗ ಪೇಟೆಯಿಂದ ತಂದ ಗಮಗಮ ಸಾಬೂನಿನದು. ಅವರ ಹಿತ್ತಲ ಬಾವಿಯ ನೀರು ಸವಳು. ಬೇಳೆ ಬೇಯದ ನೀರು. ಅದರಲ್ಲಿ ಸಾಬೂನು ನೊರೆಯಾಗುವ ಬದಲು ಬಿಳಿಯ ಜಿಗುಟಾಗಿ ಕೂದಲಿಗೆ ಕಚ್ಚಿಕೊಂಡಿತು. ಬಾಳವ್ವ ಬಚ್ಚಲಿನಿಂದ ಹೊರಬಂದಾಗ ತಲೆತುಂಬ ವಿಭೂತಿ ಧರಿಸಿದ ಜಟಾಧಾರಿಯಂತಿದ್ದಳು. ಎರಡನೆಯ ಸಲ ಸಿಹಿನೀರು ಹೊರಿಸಿ, ಸೀಗೆಕಾಯಿಯನ್ನು ಧಾರಾಳವಾಗಿ ಹಾಕಿದ್ದಾಯಿತು. ಜಿಗುಟು ಹೋಯಿತು; ಅದರ ಜೊತೆ ಇದ್ದಬದ್ದ ಎಣ್ಣೆಯ ಅಂಶವೂ ಹೋಗಿ ಕೂದಲು ಜೋಳದ ಕಣಿಕೆಯಂತೆ ಸದ್ದು ಮಾಡತೊಡಗಿತು.

ಫಕೀರಪ್ಪ ಎದೆಗುಂದಲಿಲ್ಲ. ಅಂಗಡಿಯಲ್ಲಿ ಗಿರಾಕಿ ಧಾರಣೆ ಕೇಳಿದರೆ ಅವನು ಗಿರಾಕಿಯ ತಲೆ ನೋಡುತ್ತಿದ್ದ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕೂದಲು ನೋಡುತ್ತ ಇಳಿಯುವ ಸ್ಟಾಪು ಮರೆಯುತ್ತಿದ್ದ. ಸೀಗೆಕಾಯಿಯ ಖಾರ ಮುರಿಯಲು ಏನು ಬೆರೆಸಬೇಕು? ರಾತ್ರಿ ನೆನೆಹಾಕಿದ ಮೆಂತ್ಯವೇ, ಮಜ್ಜಿಗೆಯೇ, ದಾಸವಾಳದ ಎಲೆಯೇ? ಮೂರನ್ನೂ ರುಬ್ಬಿದ. ಒರಳಿನ ಮುಂದೆ ಕೂತ ಮಗನನ್ನು ನೋಡಿ ತಾಯಿ ಶಿವಬಸವ್ವನಿಗೆ ತಡೆಯಲಾಗಲಿಲ್ಲ.

“ಗಂಡಸು ಕೂತು ಹೇಂತಿ ತಲೀಗಿ ಮೆಂತೆ ರುಬ್ಬಾಕತ್ತಾನ! ಶಿವನೇ, ಇದನ್ನ ನೋಡ್ಲೆಂತ ನನ್ನ ಕಣ್ಣು ಇನ್ನೂ ಇಟ್ಟೀಯೇನಪಾ?”

“ಕಣ್ಣು ಇದ್ದಂಗ ಇರಲಿ ಬೇ, ಆ ತಂಬಿಗಿ ಇತ್ತ ಕೊಡು.”

“ಬಾಗಲಾ ಹಾಕೋ ಮದಲ! ಓಣ್ಯಾಗಿನ ಮಂದಿ ನೋಡ್ಯಾರು.”

ಆ ಮೂರನೆಯ ಸ್ನಾನ ಮಾತ್ರ ಅದ್ಭುತವಾಗಿತ್ತು. ಮೆಂತ್ಯದ ಲೋಳೆಗೆ ಕೂದಲಿನ ಗಂಟುಗಳೆಲ್ಲ ತಾವಾಗಿಯೇ ಸಡಿಲಿದವು. ಹಿತ್ತಲ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ ಬಾಳವ್ವನ ಬೆನ್ನ ಮೇಲೆ, ಎಳೆಹಂಬಿನ ತುದಿಯಂತೆ ಸುರುಳಿ ಸುರುಳಿಯಾಗಿ, ಪ್ರತಿ ಸುರುಳಿಯ ಕೊನೆಗೊಂದು ಹನಿಯನ್ನು ಹಿಡಿದುಕೊಂಡು, ಕೂದಲು ಹೊಳೆಯುತ್ತಿತ್ತು. ಫಕೀರಪ್ಪ ತಂಬಿಗೆ ಹಿಡಿದೇ ನಿಂತುಬಿಟ್ಟ.

ಅಲ್ಲಿಗೇ ಸುಮ್ಮನಿದ್ದರೆ ಆಗಿತ್ತು. ಆದರೆ ಅವನು ಹತ್ತಿಯ ಮನುಷ್ಯ. ಹತ್ತಿಯನ್ನು ಹಿಂಜಿದಷ್ಟೂ, ಎಳೆ ಬಿಡಿಸಿದಷ್ಟೂ ಚೆಲುವು ಎಂದು ಹುಟ್ಟಿದಾಗಿನಿಂದ ಕಂಡವನು. ಒರಟು ಟುವಾಲಿನಿಂದ ಬಡಿಬಡಿದು ತಲೆ ಒಣಗಿಸಿದ. ಗರಿಗರಿ ಒಣಗಿದ ಮೇಲೆ ಸಣ್ಣ ಹಲ್ಲಿನ ಹಣಿಗೆ ಹಿಡಿದು, ಒಂದೊಂದು ಸುರುಳಿಯನ್ನೂ ಬಿಚ್ಚಿ, ಎಳೆ ಎಳೆ ಬೇರೆ ಮಾಡಿ ಹಿಂಜುತ್ತ ಹೋದ. ಮುಕ್ಕಾಲು ತಲೆ ಮುಗಿಯುವಷ್ಟರಲ್ಲಿ ಬಾಳವ್ವನ ಮುಖ ಎಲ್ಲಿದೆಯೆಂದು ಹುಡುಕಬೇಕಾಯಿತು.

ಪಕ್ಕದ ಮನೆಯ ಮೀರಾಬಿ ಗೋಡೆಯ ಮೇಲಿಂದ ಇಣುಕಿದಳು. ಅವಳದು ಹತ್ತಿ ಹಿಂಜಿ ಗಾದಿ ಹೊಲಿಯುವವರ ಮನೆ.

“ಫಕೀರಪ್ಪಣ್ಣಾ, ಹಿಂಜೂದು ಛಲೋ ಆಗೇತಿ. ಗಾದಿಗಿ ತುಂಬತೀರೋ, ಲೋಡಿಗೋ?”

ಬಾಳವ್ವ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. “ನೀವೊಬ್ಬರಽ ಹೋಗಿ ಬರ್ರಿ ಲಗ್ನಕ್ಕ!” ಎಂಬ ಮಾತು ಒಳಗಿನಿಂದ ಬಂತು. ಆಮೇಲೆ ಮೂಗು ಎಳೆದುಕೊಳ್ಳುವ ಸದ್ದು.

ಸಂಜೆ ಬಾಗಿಲು ತೆರೆದಾಗ ಫಕೀರಪ್ಪ ತಪ್ಪಿತಸ್ಥನಂತೆ ಹೊಸ್ತಿಲಲ್ಲೇ ಕೂತಿದ್ದ. ಅವಳು ದಾಟಿ ಹೋಗುವಾಗ ಅವನಿಗೆ ಕಂಡಿತು: ತನ್ನ ಹಣಿಗೆ ತಲುಪದೇ ಉಳಿದಿದ್ದ ಎಡಕಿವಿಯ ಹಿಂದಿನ ಭಾಗ. ಅಲ್ಲಿ ಸುರುಳಿಗಳು ಮುಂಜಾನೆ ಇದ್ದಂತೆಯೇ, ಒಣಗಿಯೂ, ಮೆತ್ತಗೆ ತೂಗಾಡುತ್ತಿದ್ದವು.

“ನಿಂದ್ರು!” ಎಂದು ಅವನು ಕೂಗಿದ್ದಕ್ಕೆ ಅವಳ ಕೈಯಲ್ಲಿದ್ದ ಚಿಮಣಿ ದೀಪ ಬೀಳುವುದರಲ್ಲಿತ್ತು. “ನಿನ್ನ ಕೂದಲದ್ದೇನೂ ತಪ್ಪಿಲ್ಲ ಬಾಳವ್ವಾ! ತಪ್ಪು ನಂದು, ಹಣಗೀದು!”

ಮದುವೆಯಾದಾಗಿನಿಂದ ಗಂಡನ ಬಾಯಲ್ಲಿ ತಪ್ಪು ನನ್ನದು ಎಂಬ ಮಾತನ್ನು ಅವಳು ಕೇಳಿರಲಿಲ್ಲ. ಇನ್ನೊಂದು ಸಲ ತಲೆ ಕೊಡಲು ಒಪ್ಪಿದ್ದು ಅದಕ್ಕಾಗಿಯೇ.

ಶಾಸ್ತ್ರ ಸಿದ್ಧವಾಯಿತು. ಹಿಂದಿನ ರಾತ್ರಿ ಎಣ್ಣೆ. ಮುಂಜಾನೆ ಸಿಹಿನೀರು, ಸೀಗೆಕಾಯಿ ಬುಡಕ್ಕಷ್ಟೇ, ತಿಕ್ಕದೆ, ಬೆರಳ ತುದಿಯಿಂದ. ಆಮೇಲೆ ಮೆಂತ್ಯದ ಲೋಳೆ. ಅದು ತಲೆಯಲ್ಲಿರುವಾಗಲೇ ದೊಡ್ಡ ಹಲ್ಲಿನ ಕಟ್ಟಿಗೆ ಹಣಿಗೆ. ಟುವಾಲು ಬೇಡ, ಹಳೆಯ ಧೋತರದಿಂದ ಒತ್ತಿ ನೀರು ಹಿಂಡುವುದು. ಒಣಗಿದ ಮೇಲೆ ಹಣಿಗೆಯ ನೆರಳೂ ಬೀಳಕೂಡದು.

ಲಗ್ನದ ಹಿಂದಿನ ದಿನ ಗರಗದ ಹಂದರದಲ್ಲಿ ಬಾಳವ್ವ ಕಾಲಿಟ್ಟಾಗ ಹೆಂಗಸರೆಲ್ಲ ತಿರುಗಿ ನೋಡಿದರು. ಸಡಿಲ ಹೆಳಲು, ಹಣೆಯ ಅಂಚಿನಲ್ಲಿ ಪುಟ್ಟ ಸುರುಳಿಗಳು. ಸಾವಕ್ಕ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದಳು, ಸುತ್ತು ಹಾಕಿದಳು, ಮುಟ್ಟಿ ನೋಡಿದಳು.

“ಎಲ ಎಲಾ! ಬಾಳಿ, ಇದು ನಿಂದಽ ಕೂದಲೇನ? ಯಾರ ಕಲಿಸಿದ್ರ ಇದನ್ನ?”

ಗಂಡಸರ ಜಮಖಾನೆಯ ಮೇಲೆ, ಬೀಗರ ನಡುವೆ ಕೂತಿದ್ದ ಫಕೀರಪ್ಪ ಕೋಟಿನ ಗುಂಡಿ ಹಾಕಿಕೊಂಡು ಗಂಟಲು ಸರಿಮಾಡಿಕೊಳ್ಳಲು ಒಂದು ಗುಟುಕು ಚಹಾ ಹೀರಿದ.

“ನಮ್ಮ ಅತ್ತಿಯವರು,” ಎಂದಳು ಬಾಳವ್ವ.

ಫಕೀರಪ್ಪನ ಬಾಯಲ್ಲಿದ್ದ ಚಹಾ ಮೂಗಿಗೆ ಹೋಯಿತು. ಬಾಳವ್ವ ಅವನತ್ತ ಕಣ್ಣು ಹೊರಳಿಸಿದಳು. ಬೀಗರ ಮುಂದೆ ನಿಮ್ಮ ಮರ್ಯಾದೆ ಕಾದಿದ್ದೇನೆ, ಸುಮ್ಮನಿರಿ ಎಂದು ಆ ಕಣ್ಣು ಹೇಳಿತು. ಅವನಿಗೂ ಅರ್ಥವಾಯಿತು. ಮನಸ್ಸು ಕರಗಿತು. ಸುಮ್ಮನಿರುವುದೆಂದು ನಿಶ್ಚಯಿಸಿದ.

ಅವರ ಜೊತೆ ಬಂದಿದ್ದ ಶಿವಬಸವ್ವ ಸೆರಗು ಸರಿಮಾಡಿಕೊಂಡು ಸಿಂಹಾಸನವೇರಿದವಳಂತೆ ಕೂತಳು. “ಅದೇನ್ ದೊಡ್ಡದವ್ವಾ? ನಮ್ಮ ಕಾಲದಿಂದ ಮಾಡ್ಕೋತ ಬಂದದ್ದು. ಸೀಗಿಕಾಯಿ ಹಾಕಿ ಗಸಗಸ ತಿಕ್ಕೂದು…”

ಫಕೀರಪ್ಪ ತಾಳಿಕೊಂಡ.

“ಟುವಾಲಿಲೆ ಛಲೋತ್ನ್ಯಾಗಿ ಬಡಿಯೂದು…”

ಅವನು ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡ.

“ಖಡಕ್ ಒಣಗಿದ ಮ್ಯಾಲ ಸಣ್ಣ ಹಣಗಿ ತಗೊಂಡು…”

“ಒಣಗಿದ ಮ್ಯಾಲ ಹಣಗಿ ಮುಟ್ಟಸಬಾರದಬೇ!” ಫಕೀರಪ್ಪ ಎದ್ದು ನಿಂತಿದ್ದ. “ಹಸೀ ಇದ್ದಾಗಽ ಹಿಕ್ಕಬೇಕು! ನಾ ಕೈಯಾರೆ ಎರದೇನಿ, ನನಗ ಗೊತ್ತಿಲ್ಲೇನು?”

ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಬಾಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು; ಹೆಗಲು ಕುಲುಕುತ್ತಿದ್ದುದು ಅಳುವಿನಿಂದಲೋ ನಗುವಿನಿಂದಲೋ ದೂರಕ್ಕೆ ತಿಳಿಯಲಿಲ್ಲ.

ಮೊದಲು ಚೇತರಿಸಿಕೊಂಡವಳು ಸಾವಕ್ಕ. “ಅಳಿಯಾರು ತಲಿ ಎರೀತಾರಂತ ಮದಲಽ ಹೇಳಬಾರದೇನ? ಮುಂಜಾನಿ ಲಗೂನ ಹಂಡೇಕ ಉರಿ ಹಾಕ್ರಿ. ಮದುಮಗಂದೂ ಇಂಥಾದಽ ಕೂದಲ. ಅವಂದು ಆದ ಮ್ಯಾಲ ನಂದು.”

ಮರುದಿನ ಹೊರಗೆ ಸನಾದಿ ಊದುತ್ತಿದ್ದಾಗ, ಮೊದಲ ಪಂಕ್ತಿಯ ಹೋಳಿಗೆಯ ವಾಸನೆ ಬಚ್ಚಲಿನತನಕ ಬರುತ್ತಿದ್ದಾಗ, ಫಕೀರಪ್ಪ ಕೋಟು ಬಿಚ್ಚಿಟ್ಟು, ಧೋತರ ಎತ್ತಿಕಟ್ಟಿ, ಸಾವಕ್ಕನ ತಲೆಗೆ ಮೆಂತ್ಯ ಹಚ್ಚುತ್ತಿದ್ದ. ಬಾಗಿಲಾಚೆ ಮದುಮಗನ ಕಾಕಂದಿರು, ಮಾವಂದಿರು ಟುವಾಲು ಹೆಗಲಿಗೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಸಾಲನ್ನು ಕಾಯುತ್ತಿದ್ದವಳು ಶಿವಬಸವ್ವ. ಅವಳು ಆಗಾಗ ಒಳಗೆ ಇಣುಕಿ ನೋಡಿ ಎಲ್ಲರಿಗೂ ಕೇಳುವಂತೆ ಗದರಿಸುತ್ತಿದ್ದಳು:

“ಏ ಫಕೀರಾ, ಗಸಗಸ ತಿಕ್ಕಬ್ಯಾಡೋ! ಎಷ್ಟ ಸಲ ಹೇಳಿಕೊಡ್ಲೋ ನಿನಗ?”