ಕೂತರೂ ಮಾತನಾಡದ ಎಂಟನೇ ತಲೆಮಾರಿನ ಪ್ರೊಸೆಸರ್ ಅವರಿಗೆ

ಅಟ್ಟೂರು ಬಡಾವಣೆ, ಯಲಹಂಕ
೫ ಡಿಸೆಂಬರ್ ೨೦೧೭

ಆರು ಕೋರುಗಳ ಮಾನ್ಯರೇ,

ತಾವು ತಂಪಾಗಿದ್ದೀರೆಂದು ನಂಬಿದ್ದೇನೆ. ತಮ್ಮ ತಲೆಯ ಮೇಲಿನ ಫ್ಯಾನು ಸದ್ದಿಲ್ಲದೆ ತಿರುಗುತ್ತಿರಲಿ, ತಾವು ನೆಲೆಸಿದ ಮನೆಯಲ್ಲಿ ಕರೆಂಟು ಹೋಗದಿರಲಿ ಎಂದು ಹಾರೈಸುತ್ತೇನೆ. ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಚಿಪ್ಪಿಗೆ ಪತ್ರ ಬರೆಯುವ ವಾಡಿಕೆ ಇದೆಯೋ ಇಲ್ಲವೋ ತಿಳಿಯದು. ಆದರೆ ಹಲವು ಇಲಾಖೆಗಳಿಗೆ ಬರೆದು ಉತ್ತರಕ್ಕೆ ಕಾದು ಅಭ್ಯಾಸವಿರುವುದರಿಂದ ತಮ್ಮ ಮೌನವೂ ನನಗೆ ಹೊಸದೆನಿಸಲಾರದು.

ನನ್ನ ಹೆಸರು ಚನ್ನಕೇಶವ. ಜಾಲಹಳ್ಳಿಯ ಒಂದು ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಅಳತೆ ಸರಿಯಿದ್ದರೆ ಭಾಗ ಕೂರುತ್ತದೆ, ಭಾಗ ಕೂತರೆ ಯಂತ್ರ ನಡೆಯುತ್ತದೆ ಎಂಬ ನಂಬಿಕೆಯ ಮೇಲೆ ನನ್ನ ಸಂಸಾರ ನಡೆದಿದೆ. ಆ ನಂಬಿಕೆಯನ್ನು ತಾವು ಒಂದೇ ತಿಂಗಳಲ್ಲಿ ಕೆಡವಿದ ಬಗೆಯನ್ನು ತಮ್ಮ ಗಮನಕ್ಕೆ ತರುವುದೇ ಈ ಪತ್ರದ ಉದ್ದೇಶ.

ನಮ್ಮ ಕಡೆ ಮನೆ ಕಟ್ಟುವ ಕ್ರಮ ತಮಗೆ ಗೊತ್ತಿರಲಾರದು. ಕೈಯಲ್ಲಿದ್ದಷ್ಟಕ್ಕೆ ನೆಲಮಹಡಿ ಕಟ್ಟಿ, ತಾರಸಿಯ ಮೇಲೆ ಕಂಬಿಗಳನ್ನು ಚಾಚಿಕೊಂಡಂತೆ ಬಿಟ್ಟು, ಮುಂದೆ ಅನುಕೂಲವಾದಾಗ ಅದೇ ಕಂಬಿಗೆ ಮೇಲಿನ ಮಹಡಿಯನ್ನು ಸೇರಿಸುತ್ತೇವೆ. ಹದಿನಾಲ್ಕು ವರ್ಷದ ನಂತರ ಕಟ್ಟಿದರೂ ಕಂಬಿಯು ಮಹಡಿಯನ್ನು ಬೇಡವೆಂದದ್ದನ್ನು ನಾನು ಕಂಡಿಲ್ಲ. ಬಿ.ಎಸ್‌ಸಿ. ಎರಡನೇ ವರ್ಷದಲ್ಲಿರುವ, ಇಂದು ಎಂಬ ಹೆಸರಿನ ನನ್ನ ಮಗಳು ಆಟವಾಡಲು ತಕ್ಕ ಕಂಪ್ಯೂಟರ್ ಬೇಕೆಂದಾಗ ಅದನ್ನೂ ಹಾಗೆಯೇ ಕಟ್ಟುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಗಣೇಶನ ಹಬ್ಬಕ್ಕೆ ಹೊರಗಿನ ಡಬ್ಬಿ, ಆಯುಧಪೂಜೆಗೆ ಚಿಪ್ಪನ್ನು ಕೂರಿಸುವ ಮದರ್‌ಬೋರ್ಡು, ದೀಪಾವಳಿಗೆ ಪ್ರೊಸೆಸರ್; ಗ್ರಾಫಿಕ್ಸ್ ಕಾರ್ಡನ್ನು ಸೋದರಮಾವ ಮೊದಲೇ ಕೊಡಿಸಿದ್ದರು. ಬೋರ್ಡು ತಮಗಿಂತ ಹಿಂದಿನ ಏಳನೇ ತಲೆಮಾರಿನ ಪ್ರೊಸೆಸರಿಗೆ ಹೊಂದುವಂಥದ್ದು. ನನ್ನ ಮಡದಿ ಪಟಾಲಮ್ಮ ಅದನ್ನು ಸ್ಕೂಟರಿನ ಪಕ್ಕದಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ ಪೂಜೆ ಮಾಡಿದಳು. ಅದಾದ ಆರೇ ದಿನಕ್ಕೆ ತಾವು ಲೋಕಕ್ಕೆ ಬಿಡುಗಡೆಯಾದಿರಿ. ಸಮಯಪ್ರಜ್ಞೆಯಲ್ಲಿ ತಮ್ಮನ್ನು ಮೀರಿಸುವವರಿಲ್ಲ.

ದೀಪಾವಳಿಗೆ ಮೊದಲು ಯಶವಂತಪುರದಲ್ಲಿರುವ ಮೊಯಿನುದ್ದೀನ್ ಅವರ ಅಂಗಡಿಗೆ ಹೋದಾಗ ಅವರು ಏಳನೆಯವರನ್ನೂ ತಮ್ಮನ್ನೂ ಅಕ್ಕಪಕ್ಕ ಇಟ್ಟು, “ಸಾರ್, ಅದು ನಾಲ್ಕು ಕೋರು, ಇದು ಆರು ಕೋರು. ನಾಲ್ಕು ಜನ ಮಾಡೋ ಕೆಲಸ ಆರು ಜನ ಮಾಡಿದ್ರೆ ಹೆಂಗಿರತ್ತೆ ಹೇಳಿ” ಎಂದರು. ನಾಲ್ಕು ಜನರ ಕೆಲಸಕ್ಕೆ ಆರು ಜನರನ್ನು ಹಾಕಿದಾಗ ಏನಾಗುತ್ತದೆಂದು ಕಾರ್ಖಾನೆಯಲ್ಲಿ ನೋಡಿದ್ದೇನಾದರೂ ಅದನ್ನು ಬದಿಗಿಟ್ಟು, ಚೀಲದಿಂದ ವರ್ನಿಯರ್ ಕ್ಯಾಲಿಪರ್ ತೆಗೆದೆ. “ಇದೇನ್ ಬೋಲ್ಟಾ ಸಾರ್ ಅಳೆಯೋಕೆ? ತಳ ಮಾತ್ರ ಮುಟ್ಬೇಡಿ, ಕೈಮುಗೀತೀನಿ” ಎಂದು ಅವರು ಬೇಡಿಕೊಳ್ಳುತ್ತಿರುವಂತೆಯೇ ಇಬ್ಬರನ್ನೂ ಅಳೆದೆ. ಇಬ್ಬರೂ ಮೂವತ್ತೇಳೂವರೆ ಮಿಲಿಮೀಟರ್. ತಳದ ಚುಕ್ಕಿಗಳು ಇಬ್ಬರಿಗೂ ಸಾವಿರದ ನೂರ ಐವತ್ತೊಂದು ಎಂದು ಪೆಟ್ಟಿಗೆಯೇ ಹೇಳುತ್ತಿತ್ತು. ಹಾಗಾದರೆ ನಮ್ಮ ಬೋರ್ಡಿಗೇ ಇವರು ಬರಬಹುದಲ್ಲ ಎಂದು ನಾನು ಸಂತೋಷದಿಂದ ಕೇಳಿದ್ದಕ್ಕೆ, ಬೋರ್ಡಿನ ಬಿಲ್ಲು ನೋಡಿದ ಮೊಯಿನುದ್ದೀನ್ ತಲೆ ಕೆರೆದುಕೊಂಡು, “ಕೂರೋದೇನೋ ಕೂರತ್ತೆ ಸಾರ್, ಆದ್ರೆ ಮಾತಾಡಲ್ಲ” ಎಂದರು.

ಮಾನ್ಯರೇ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರು ಹೀಗೆ ಮಾಡುವುದನ್ನು ಕಂಡಿದ್ದೇನೆ: ಹಾಸಿದ ಜಮಖಾನೆಯ ಮೇಲೆ ಕೂರುತ್ತಾರೆ, ಕೊಟ್ಟ ಕಾಫಿ ಹೀರುತ್ತಾರೆ, ಮಾತು ಮಾತ್ರ ಇಲ್ಲ. ಅವರನ್ನಾದರೂ ಹಿರಿಯರು ಕರೆದು ಸಮಾಧಾನ ಮಾಡಬಹುದು. ತಮ್ಮನ್ನು ಮಾತನಾಡಿಸಬೇಕಾದರೆ ಹೊಸ ಬೋರ್ಡೇ ಬೇಕು. ಅದೂ ಸದ್ಯಕ್ಕೆ ಪೇಟೆಯಲ್ಲಿರುವುದು ಒಂದೇ ದುಬಾರಿ ಜಾತಿ, ಅಗ್ಗದ್ದು ಬರಲು ತಿಂಗಳುಗಳೇ ಬೇಕಂತೆ. ಮಧ್ಯಮ ವರ್ಗದವರಿಗೆಂದು ಹುಟ್ಟಿದ ತಮಗೆ ಶ್ರೀಮಂತರ ಸೋಫಾ ಮಾತ್ರ ಆಗಿಬರುತ್ತದೆಂಬುದು ತಮ್ಮ ಅಭಿರುಚಿಗೆ ಸಾಕ್ಷಿ. ಹಳೆಯ ಬೋರ್ಡನ್ನು ಮಾರಿಬಿಡೋಣವೆಂದಾಗ ಪಟಾಲಮ್ಮ, “ಏನ್ರೀ, ಪೂಜೆ ಮಾಡಿ ಒಂದು ತಿಂಗಳಾಗಿಲ್ಲ, ಕುಂಕುಮ ಇಟ್ಟಿದ್ದನ್ನ ಯಾರಾದ್ರೂ ಮಾರ್ತಾರಾ?” ಎಂದು ಕೇಳಿದ ಪ್ರಶ್ನೆಗೆ ತಮ್ಮ ತಾಂತ್ರಿಕ ಕೈಪಿಡಿಯಲ್ಲಿ ಉತ್ತರವಿದ್ದರೆ ದಯವಿಟ್ಟು ಪುಟಸಂಖ್ಯೆ ತಿಳಿಸಿ.

ಇದು ನನ್ನೊಬ್ಬನ ಪರದಾಟವಾಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಡಿಸೆಂಬರ್ ಮೂರರ ಭಾನುವಾರ ಯಲಹಂಕದ ಕಾಲೇಜೊಂದರಲ್ಲಿ ಅಂತರ ಕಾಲೇಜು ಕಂಪ್ಯೂಟರ್ ಆಟದ ಪಂದ್ಯ; ಐದು ಜನರ ತಂಡ, ಅವರವರ ಯಂತ್ರ ಅವರೇ ಹೊತ್ತು ತರಬೇಕು. ನಮ್ಮ ಇಂದು ಆ ಐವರಲ್ಲಿ ಒಬ್ಬಳು. ನವೆಂಬರ್ ಮೊದಲ ವಾರ ತಂಡದ ನಾಯಕ ನಾಗೇಶ್ ಫೋನಿನಲ್ಲಿ, “ಮಗಾ, ಇಪ್ಪತ್ತನೇ ತಾರೀಖಿನೊಳಗೆ ಮೆಷಿನ್ ರೆಡಿ ಇಲ್ದಿದ್ರೆ ನಿನ್ ಜಾಗಕ್ಕೆ ವಾಸುನ ಹಾಕ್ಬೇಕಾಗತ್ತೆ, ಬೇಜಾರ್ ಮಾಡ್ಕೋಬೇಡ” ಎಂದದ್ದು ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ನನಗೂ ಕೇಳಿಸಿತು. ಅವಳು ಬೇಜಾರು ಮಾಡಿಕೊಂಡಳು. ಊಟಕ್ಕೆ ಕರೆದರೆ ಹಸಿವಿಲ್ಲವೆಂದಳು.

ಆ ಹೊತ್ತಿನಿಂದ ನಾನು ಕೆಲಸಕ್ಕಿಳಿದೆ. ಗ್ರಾಫ್ ಹಾಳೆ ತಂದು ಏಳನೆಯವರಿಗೆ ನೀಲಿ, ತಮಗೆ ಕೆಂಪು ಗೆರೆ ಎಳೆದೆ. ವೇಗ, ಬಿಸಿ, ವಿದ್ಯುತ್ತು, ಗ್ಯಾರಂಟಿ ಎಂದು ಹನ್ನೊಂದು ಪುಟವಾಯಿತು. ತಮ್ಮನ್ನು ಆರಿಸಿದರೆ ಮನೆಯಲ್ಲಿ ಎರಡು ಬೋರ್ಡು, ಏಳನೆಯವರನ್ನು ಆರಿಸಿದರೆ ಪೂರ್ತಿ ಬೆಲೆ ಕೊಟ್ಟು ಆಗಲೇ ಹಳತಾದದ್ದನ್ನು ಹೊಸದೆಂದು ತಂದಂತೆ. ಎರಡರಲ್ಲಿ ಯಾವುದು ಹೆಚ್ಚಿನ ದಡ್ಡತನ ಎಂಬ ಹನ್ನೆರಡನೇ ಪುಟ ಬಾಕಿಯಿತ್ತು. ಅದಕ್ಕಾಗಿ ಹೆಬ್ಬಾಳದ ಗೆಳೆಯರನ್ನೂ ನಾಗಸಂದ್ರದ ಷಡ್ಡಕರನ್ನೂ ಕಂಡುಬಂದೆ. ಅವರಿಬ್ಬರೂ ಲ್ಯಾಪ್‌ಟಾಪ್ ಕೊಳ್ಳಿ ಎಂದರು.

ಈ ಹಿನ್ನೆಲೆಯಲ್ಲಿ ನನ್ನ ವಿನಮ್ರ ಬೇಡಿಕೆಗಳು. ತಮ್ಮ ಮುಂದಿನವರು ಹುಟ್ಟುವ ದಿನವನ್ನು ಒಂದು ವರ್ಷ ಮೊದಲೇ ಪಂಚಾಂಗದಲ್ಲಿ ಗ್ರಹಣಗಳ ಪಕ್ಕ ಅಚ್ಚು ಹಾಕಿಸಬೇಕು. ಹೊಂದಿಕೆಯಾಗದ ಬೋರ್ಡಿನ ಬಳಿ ಬಂದಾಗ ತಾವು ಮೂಲೆಯಲ್ಲಾದರೂ ಒಂದು ಮಿಲಿಮೀಟರ್ ಉಬ್ಬಬೇಕು, ತಪಾಸಣೆಯವರ ಮಾನ ಉಳಿಯಲಿ. ಸಾಧ್ಯವಾದರೆ ಒಮ್ಮೆ ನಮ್ಮ ಮನೆಗೆ ಖುದ್ದಾಗಿ ಬಂದು ಪಟಾಲಮ್ಮನಿಗೆ ವಿಷಯ ವಿವರಿಸಿ ಹೋಗಬೇಕು, ನನ್ನಿಂದಾಗಲಿಲ್ಲ.

ನವೆಂಬರ್ ಹದಿನೆಂಟರ ಶನಿವಾರ ನಾನು ಹನ್ನೆರಡನೇ ಪುಟಕ್ಕೆ ಗೆರೆ ಎಳೆಯುತ್ತಿದ್ದಾಗ ಇಂದು ಹೊರಗಿನಿಂದ ಬಂದು ಊಟದ ಮೇಜಿನ ಮೇಲೆ ಬೋರ್ಡು ತಂದಿಟ್ಟಳು. ಆರ್.ಟಿ. ನಗರದ ರೆಹಾನಾ ಎಂಬ ಬ್ಯಾಂಕ್ ಉದ್ಯೋಗಿ ಎಂಟನೆಯವರಾದ ತಮ್ಮ ಮೋಹಕ್ಕೆ ಬಿದ್ದು, ಐದೇ ತಿಂಗಳು ಬಳಸಿದ ಏಳನೆಯವರನ್ನು ಅರ್ಧ ಬೆಲೆಗೆ ಬಿಟ್ಟುಕೊಟ್ಟಿದ್ದರು. ಇವಳು ಮೊಯಿನುದ್ದೀನ್ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿಯೇ ತಂದಿದ್ದಳು. ಕುಂಕುಮವನ್ನು ಬ್ರಷ್ಷಿನಿಂದ ಮೆಲ್ಲಗೆ ಸರಿಸಿ, ಚಿಪ್ಪು ಕೂರಿಸಿ, ಮುಕ್ಕಾಲು ಗಂಟೆಯಲ್ಲಿ ಯಂತ್ರಕ್ಕೆ ಜೀವ ಬರಿಸಿದಳು. ನಾನು ಕ್ಯಾಲಿಪರ್ ಹಿಡಿದು ನಿಂತದ್ದನ್ನು ಕಂಡು, “ಅಪ್ಪಾ, ನೀವು ಇನ್ಸ್‌ಪೆಕ್ಷನ್ ಮುಗಿಸಿ, ಅಷ್ಟರಲ್ಲಿ ನಾನು ಪಂದ್ಯ ಆಡ್ಕೊಂಡ್ ಬರ್ತೀನಿ” ಎಂದಳು. ವಾಸು ಮೀಸಲು ಆಟಗಾರನಾಗಿಯೇ ಉಳಿದ.

ಮೊನ್ನೆ ಭಾನುವಾರ ಡಬ್ಬಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದವನು ನಾನೇ. ಸೆಮಿಫೈನಲ್‌ನಲ್ಲಿ ಎದುರಾದ ತಂಡದ ಐದು ಯಂತ್ರಗಳಲ್ಲಿ ನಾಲ್ಕರಲ್ಲಿ ತಾವೇ ವಿರಾಜಮಾನರಾಗಿದ್ದಿರಿ. ನಮ್ಮವರು ಅವರನ್ನು ಸೋಲಿಸಿದರು. ಕೊನೆಯ ಹೊಡೆತ ಇಂದುವಿನದು. ನಾನು ನಿಂತು ಚಪ್ಪಾಳೆ ತಟ್ಟಿದೆ; ಅದು ತಮ್ಮ ವಿರುದ್ಧವೆಂದು ದಯವಿಟ್ಟು ಭಾವಿಸಬಾರದು, ಮಗಳ ಪರವಾಗಿತ್ತು. ತಾವು ಬಾರದೇ ಇದ್ದಿದ್ದರೆ ಏಳನೆಯವರು ಅರ್ಧ ಬೆಲೆಗೆ ಸಿಗುತ್ತಿರಲಿಲ್ಲ, ಆದ್ದರಿಂದ ನಮ್ಮ ಮನೆಗೆ ಕಾಲಿಡದೆಯೇ ತಾವು ಮಾಡಿದ ಉಪಕಾರಕ್ಕೆ ಋಣಿಯಾಗಿದ್ದೇನೆ.

ಏಳನೆಯವರ ಮನೆಯವನಾಗಿದ್ದೂ
ತಮ್ಮ ವಿಶ್ವಾಸಿ,
ಚನ್ನಕೇಶವ

ಬರೆಯದೆ ಬಿಡಬಹುದಾಗಿದ್ದ ಮಾತು: ಫೈನಲ್‌ನಲ್ಲಿ ನಮ್ಮವರು ಸೋತರು. ಗೆದ್ದ ತಂಡವನ್ನು ಅಭಿನಂದಿಸಿ, ಹಳೆಯ ಅಭ್ಯಾಸದಂತೆ ಅವರ ಯಂತ್ರಗಳನ್ನು ವಿಚಾರಿಸಿದೆ. ತಾವೂ ಇರಲಿಲ್ಲ, ಏಳನೆಯವರೂ ಇರಲಿಲ್ಲ; ಐದೂ ನಾಲ್ಕನೇ ತಲೆಮಾರಿನವು. ಮನೆಯಲ್ಲಿ ಹಿರಿಯರಿಗೆ ನನ್ನ ನಮಸ್ಕಾರಗಳನ್ನು ತಿಳಿಸುವುದು.