ಬ್ಯಾಟರಿಯ ಆರೋಗ್ಯ

ಎಂಜಿನಿಯರನನ್ನು ಮದುವೆಯಾದ ಹೆಂಗಸರಿಗೆ ಒಂದು ನಂಬಿಕೆ ಇರುತ್ತದೆ: ಗಂಡನಿಗೆ ಮನೆಯ ಮಿಕ್ಸರ್ ರಿಪೇರಿ ಮಾಡಲು ಬರುತ್ತದೆ ಎಂದು. ನಾನು ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಓದಿ, ನ್ಯೂ ಜೆರ್ಸಿಯ ಕಂಪನಿಯೊಂದರಲ್ಲಿ ಲಕ್ಷಾಂತರ ವೋಲ್ಟಿನ ಲೈನುಗಳಿಗೆ ನಕ್ಷೆ ಬರೆಯುವವನು. ಆ ವೋಲ್ಟುಗಳೆಲ್ಲ ಕಾಗದದ ಮೇಲೆಯೇ ಇರುತ್ತವೆ; ಮುಟ್ಟಿದರೆ ಕೈಗೆ ಪೆನ್ಸಿಲಿನ ಕಪ್ಪು ಹತ್ತುತ್ತದೆಯೇ ಹೊರತು ಶಾಕ್ ಹೊಡೆಯುವುದಿಲ್ಲ. ಮನೆಯಲ್ಲಿ ಬಲ್ಬ್ ಬದಲಾಯಿಸುವಾಗ ಮಾತ್ರ ನಾನು ಮರೆಯದೆ ರಬ್ಬರ್ ಚಪ್ಪಲಿ ಹಾಕಿಕೊಳ್ಳುತ್ತೇನೆ. ಇಂಥವನು ಒಂದು ಚಳಿಗಾಲವಿಡೀ ಹನ್ನೆರಡು ವೋಲ್ಟಿನ ಬ್ಯಾಟರಿಯೊಂದರ ಸೇವೆಗೆ ನಿಂತದ್ದು ಏಕೆ ಎಂದು ಹೇಳಬೇಕಾದರೆ, ಮೊದಲು ನನ್ನ ಹೆಂಡತಿಯ ಊಟದ ವಿಚಾರ ಹೇಳಬೇಕು.

ಲಲಿತಾ ಹೊರಗೆ ಊಟ ಮಾಡುವವಳಲ್ಲ. ಎಪ್ಪತ್ತರ ದಶಕದಲ್ಲಿ ನಾವು ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ಸಂಸಾರ ಹೂಡಿದಾಗ, ಹೈವೇ ಪಕ್ಕದ ಹೋಟೆಲುಗಳಲ್ಲಿ ನಮ್ಮಂಥವರಿಗೆ ಸಿಗುತ್ತಿದ್ದದ್ದು ಕರಿದ ಆಲೂಗಡ್ಡೆ ಒಂದೇ. ಅದನ್ನು ಯಾವ ಎಣ್ಣೆಯಲ್ಲಿ ಕರಿಯುತ್ತಾರೆ ಎಂದು ಅವಳು ವಿಚಾರಿಸಿದ ದಿನದಿಂದ ಅದೂ ಹೋಯಿತು. ಮೊಸರನ್ನದ ಡಬ್ಬಿ ಖಾಲಿಯಾಗುವಷ್ಟು ದೂರ ಮಾತ್ರ ನಮ್ಮ ಅಮೆರಿಕ. ನಯಾಗರಾ ನೋಡಲು ಹೊರಟು, ಅರ್ಧ ದಾರಿಯಲ್ಲಿ ಮೊಸರು ಹುಳಿಯಾಗಿ ವಾಪಸು ಬಂದ ಪುಣ್ಯಾತ್ಮರು ನಾವು. ಆ ಸಂಜೆ ಅವಳು ಕಿಟಕಿಯ ಹತ್ತಿರ ನಿಂತು, "ಈ ದೇಶ ನಂಗೆ ಆಗಿಬರಲ್ಲ ಕಣ್ರೀ" ಎಂದಳು. ಜಗಳದ ದನಿಯಲ್ಲಿ ಹೇಳಿದ್ದರೆ ಸಮಾಧಾನವಾಗುತ್ತಿತ್ತು. ತಣ್ಣಗೆ ಹೇಳಿದಳು. ನನಗೆ ಹೆದರಿಕೆಯಾಯಿತು.

ಆ ಹೆದರಿಕೆಯಲ್ಲಿ ನಾನೊಂದು ಹಳೆಯ ಮೋಟರ್ ಹೋಮ್ ಕೊಂಡೆ. ಒಳಗೆ ಒಲೆ, ಸಿಂಕು, ಮಂಚ ಎಲ್ಲ ಇರುವ ಬಸ್ಸಿನಂಥ ಗಾಡಿ. ಪೆಟ್ರೋಲಿಗಾಗಿ ಗ್ಯಾಸ್ ಸ್ಟೇಷನ್ನುಗಳ ಮುಂದೆ ಜನ ಬೆಳಗಾಗುವ ಮೊದಲೇ ಕ್ಯೂ ನಿಲ್ಲುತ್ತಿದ್ದ ಕಾಲ ಅದು. ಗಾಡಿಯ ಹೊಟ್ಟೆಗೆ ಹಾಕಲಾರದೆ ಮೊದಲಿನ ಯಜಮಾನ ಅಗ್ಗಕ್ಕೆ ಕೊಟ್ಟುಬಿಟ್ಟ. ಸಮರ್‌ಸೆಟ್‌ನಲ್ಲಿದ್ದ ನಮ್ಮ ಸ್ನೇಹಿತರು, ಧಾರವಾಡದ ಡಾಕ್ಟರ್ ಕುಲಕರ್ಣಿ, ಗಾಡಿಯನ್ನು ಒಂದು ಸುತ್ತು ಹಾಕಿ, "ಗಾಲಿ ಮ್ಯಾಲಿನ ಅಡಿಗಿಮನಿ ತಂದೀರಲ್ರೀ" ಎಂದು ನಕ್ಕರು. ಲಲಿತಾ ಮಾತ್ರ ಒಲೆ ಹಚ್ಚಿ ನೋಡಿದಳು, ಹಾಲು ಉಕ್ಕಿಸಿದಳು, ಮುಖ ಅರಳಿತು.

ಆಯುಧಪೂಜೆಯ ದಿನ ಗಾಡಿಗೆ ಭರ್ಜರಿ ಪೂಜೆ. ಬೂದುಗುಂಬಳಕಾಯಿ ಎಲ್ಲಿಂದ ಬರಬೇಕು? ಆ ತಿಂಗಳು ಅಂಗಡಿ ತುಂಬ ಕಿತ್ತಳೆ ಬಣ್ಣದ ಸಿಹಿಗುಂಬಳವಿರುತ್ತದಲ್ಲ, ಅದನ್ನೇ ಡ್ರೈವ್‌ವೇಯಲ್ಲಿ ಒಡೆದೆ. ಪಕ್ಕದ ಮನೆಯ ಫ್ರಾಂಕ್, ತಮ್ಮ ಕುಂಬಳಕಾಯಿ ಹಬ್ಬ ಹ್ಯಾಲೋವೀನ್ ನಮಗೆ ಬೇಗ ಬಂದಿದೆ ಎಂದುಕೊಂಡ. ಲಲಿತಾ ಸ್ಟಿಯರಿಂಗಿನ ಮುಂದೆ ಪುಟ್ಟ ಗಣಪತಿಯನ್ನು ಕೂರಿಸಿ, ಅದಕ್ಕೊಂದು ಕೆಂಪು ಬಲ್ಬ್ ಬೇಕು ಎಂದಳು. "ಗಾಡಿ ನಿಲ್ಸಿದ ಕೂಡ್ಲೇ ದೇವರ ಮುಂದೆ ಕತ್ತಲಾಗಬಾರ್ದು ನೋಡಿ" ಎಂದದ್ದರಿಂದ, ಕೀಲಿಯ ಗೊಡವೆಯಿಲ್ಲದೆ ನೇರವಾಗಿ ಎಂಜಿನ್ನಿನ ಬ್ಯಾಟರಿಯಿಂದಲೇ ವೈರು ಎಳೆದು, ಗಣಪತಿಯ ಹಿಂದೆ ಒಂದು ಸ್ವಿಚ್ ಇಟ್ಟೆ. ನನ್ನ ಜೀವನದಲ್ಲಿ ಮೊದಲ ಸಲಕ್ಕೇ ಸರಿಯಾಗಿ ಕೆಲಸ ಮಾಡಿದ ವೈರಿಂಗ್ ಅದು.

ಆದರೆ ಪ್ರಯಾಣ ಹೊರಟದ್ದು ಅವಳೊಬ್ಬಳೇ, ಅದೂ ಮೈಸೂರಿಗೆ. ಅವಳ ತಂಗಿಗೆ ದಿನ ತುಂಬಿತ್ತು, ಬಾಣಂತನ ಮಾಡಬೇಕಾದ ತಾಯಿಗೆ ಮಂಡಿ ನೋವು. ಹೊರಡುವ ಬೆಳಿಗ್ಗೆ ಅವಳು ಗಾಡಿ ಹತ್ತಿ, ದೀಪ ಹಾಕಿ, ಗಣಪತಿಗೆ ಕೈಮುಗಿದು ಇಳಿದಳು. "ನಾನು ಬರೋ ದಿನ ಏರ್‌ಪೋರ್ಟಿಗೆ ಇದನ್ನೇ ತಗೊಂಡು ಬನ್ನಿ. ವಿಮಾನದ ಊಟ ನಾನು ಮುಟ್ಟಲ್ಲ. ಪಾರ್ಕಿಂಗ್‌ನಲ್ಲೇ ಬಿಸಿ ಅನ್ನ, ಸಾರು ಮಾಡಿಟ್ಟಿರಿ" ಎಂದಳು. ಆಗಲಿ ಎಂದೆ.

ಬಾಣಂತನ ಮುಗಿಸಿ ಬರುತ್ತೇನೆ ಎಂದವಳು ನಾಮಕರಣಕ್ಕೆ ನಿಂತಳು. ಆಮೇಲೆ ಸಂಕ್ರಾಂತಿ ಕಳೆಯಲಿ ಎಂದು ಬರೆದಳು. ಆಮೇಲೆ ಬರೆಯಲೇ ಇಲ್ಲ. ಭಾನುವಾರ ಮಾಡಿದ ಸಾರನ್ನು ನಾನು ಕುದಿಸಿ ಕುದಿಸಿ ಶುಕ್ರವಾರದವರೆಗೂ ತಿನ್ನುತ್ತಿದ್ದೆ. ರೇಡಿಯೋದಲ್ಲಿ ಹಿಮದ ಸುದ್ದಿ ಹೇಳುವವನಿಗೆ "ಹೌದೇನಪ್ಪಾ" ಎಂದು ಉತ್ತರ ಕೊಡುವ ಅಭ್ಯಾಸ ಬಂತು. ಅಂಥ ಒಂದು ಶನಿವಾರ, ಆಗೊಮ್ಮೆ ಈಗೊಮ್ಮೆ ಮಾಡುವಂತೆ ಗಾಡಿಯ ಕೀಲಿ ತಿರುಗಿಸಿದರೆ ಕಟ್ ಎಂದು ಒಂದೇ ಒಂದು ಶಬ್ದ. ಬ್ಯಾಟರಿ ಸತ್ತಿತ್ತು.

ಫ್ರಾಂಕ್ ತನ್ನ ಕಾರು ತಂದು, ಕೇಬಲ್ ಜೋಡಿಸಿ ಗಾಡಿಗೆ ಜೀವ ಕೊಟ್ಟ. ಹೋಗುವಾಗ, "ಒಳಗೆ ನಿಮ್ಮ ನೆಂಟರು ಯಾರಾದರೂ ಉಳಿದಿದ್ದಾರೆಯೇ? ಸಂಜೆಯಾದರೆ ಕೆಂಪು ದೀಪ ಕಾಣುತ್ತದೆ" ಎಂದು ಕೇಳಿದ. ಕಳ್ಳ ಸಿಕ್ಕಿಬಿದ್ದ. ಬ್ಯಾಟರಿಯನ್ನು ದಿನವೂ ಚೂರುಚೂರೇ ಕುಡಿಯುತ್ತಿದ್ದದ್ದು ಗಣಪತಿಯ ಬಲ್ಬ್. ವಾರಕ್ಕೊಮ್ಮೆ ಗಾಡಿ ಓಡಿಸಿದರೆ ಸರಿಹೋಗುತ್ತಿತ್ತು, ಆದರೆ ಪೆಟ್ರೋಲು ಎಲ್ಲಿದೆ? ಕುಲಕರ್ಣಿಯವರಿಗೆ ಫೋನಿನಲ್ಲಿ ಹೇಳಿಕೊಂಡರೆ, "ಅದಕ್ಕ್ಯಾಕ ಇಷ್ಟ್ ತಲಿ ಕೆಡಿಸ್ಕೋತೀರಿ? ಆ ಸ್ವಿಚ್ ಆರಿಸ್ರಿ, ಮುಗೀತು" ಎಂದರು. "ಅದು ಅವಳು ಹಚ್ಚಿ ಹೋದ ದೀಪ" ಎಂದೆ. ಅವರು ಸ್ವಿಚ್ಚಿನ ಮಾತು ಬಿಟ್ಟು, "ಊಟಕ್ಕ ಬರ್ರಿ ಇತ್ಲಾಗ" ಎಂದರು.

ಅವರು ಹೇಳಿದ್ದೇ ಸರಿ. ಆದರೆ ಕೆಲಸದಿಂದ ಬರುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ನಮ್ಮ ಮನೆಯ ಒಂದು ಕಿಟಕಿಯಲ್ಲೂ ಬೆಳಕಿಲ್ಲ. ತಿರುವಿನಲ್ಲಿ ಮೊದಲು ಕಾಣುತ್ತಿದ್ದದ್ದು ಆ ಕೆಂಪು ಚುಕ್ಕೆ. ಅದನ್ನು ಕಂಡರೆ ನಡಿಗೆ ಚುರುಕಾಗುತ್ತಿತ್ತು. ಅದನ್ನು ಆರಿಸಿದರೆ ಅವಳು ಬರುವುದೇ ಇಲ್ಲವೇನೋ ಎಂದು ನನಗೆ ಭಯ. ಎಂಜಿನಿಯರಿಂಗ್ ಓದಿದವನು ಆಡುವ ಮಾತಲ್ಲ, ಬಿಡಿ. ಆದರೂ ಸ್ವಿಚ್ಚಿನ ಮೇಲೆ ಬೆರಳಿಟ್ಟು ಎರಡು ಸಲ ವಾಪಸು ತೆಗೆದೆ. ದೀಪವೂ ಉರಿಯಬೇಕು, ಬ್ಯಾಟರಿಯೂ ಬದುಕಬೇಕು.

ಗಾಡಿಯಲ್ಲಿ ಎರಡು ಬ್ಯಾಟರಿ. ಒಂದು ಒಳಗಿನ ಲೈಟು, ಫ್ಯಾನುಗಳಿಗೆ. ಇನ್ನೊಂದು ಎಂಜಿನ್ ಚಾಲೂ ಮಾಡಲು. ಮನೆಯಿಂದ ಉದ್ದನೆಯ ವೈರು ಎಳೆದು ಗಾಡಿಗೆ ಕರೆಂಟು ಕೊಟ್ಟರೆ ಮೊದಲನೆಯದು ತಾನಾಗಿ ಚಾರ್ಜ್ ಆಗುತ್ತದೆ, ಎರಡನೆಯದನ್ನು ಕೇಳುವವರಿಲ್ಲ. ಮೊದಲನೆಯದಕ್ಕೆ ಬರುವ ಕರೆಂಟಿನಲ್ಲಿ ಒಂದಿಷ್ಟನ್ನು ಎರಡನೆಯದಕ್ಕೂ ಹಂಚಬೇಕು, ಆದರೆ ಅದು ತಿರುಗಿ ಹರಿಯಬಾರದು. ಅದಕ್ಕೆ ಒಂದೇ ದಿಕ್ಕಿಗೆ ಕರೆಂಟು ಬಿಡುವ ಡಯೋಡ್, ಜೊತೆಗೆ ಕರೆಂಟು ಮಿತಿಮೀರದಂತೆ ಕಾರಿನದೊಂದು ಬಲ್ಬ್. ಇವೆರಡನ್ನೂ ಖಾಲಿಯಾದ ಇಂಗಿನ ಡಬ್ಬಿಯಲ್ಲಿ ಕೂರಿಸಿ, ಹಿಮದಲ್ಲಿ ಬೆರಳು ಮರಗಟ್ಟಿಸಿಕೊಂಡು ಗಣಪತಿಯ ಕೆಳಗೆ ಜೋಡಿಸಿದೆ. ಮುಂದಿನ ವಾರ ಬ್ಯಾಟರಿ ಮತ್ತೆ ಸತ್ತಿತ್ತು. ಡಯೋಡನ್ನು ಹಿಂದುಮುಂದಾಗಿ ಹಾಕಿದ್ದೆ! ಆಫೀಸಿನಲ್ಲಿ ಇದನ್ನು ಯಾರಿಗೂ ಹೇಳಲಿಲ್ಲ. ತಿರುಗಿಸಿ ಹಾಕಿದೆ. ಆಮೇಲೆ ಎಂಥ ಚಳಿಯಲ್ಲೂ ಕೀಲಿ ತಿರುಗಿಸಿದರೆ ಸಾಕು, ಎಂಜಿನ್ ಗುಡುಗುತ್ತಿತ್ತು. ಡಬ್ಬಿಯಿಂದ ಸ್ವಲ್ಪ ಇಂಗಿನ ವಾಸನೆ ಬರುತ್ತಿತ್ತು.

ಹಿಮ ಕರಗುವ ಹೊತ್ತಿಗೆ ಲಲಿತಾಳ ಕಾಗದ ಬಂತು: ಬರುತ್ತಿದ್ದೇನೆ, ಸಾರಿಗೆ ಇಂಗು ಮರೆಯಬೇಡಿ. ಆ ದಿನ ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ನಾನು ಹಿಗ್ಗಿ ಹೊರಟೆ. ಫ್ರಾಂಕ್ ಓಡಿಬಂದು ಎರಡೂ ಕೈ ಬೀಸಿದ. ಎಂಥ ಒಳ್ಳೆಯ ನೆರೆಯವನು ಎಂದುಕೊಂಡು ನಾನೂ ಬೀಸಿದೆ. ಬಿಚ್ಚಲು ಮರೆತ ಕರೆಂಟಿನ ವೈರು ಗೋಡೆಯಿಂದ ಕಿತ್ತುಕೊಂಡು ಗಾಡಿಯ ಹಿಂದೆ ಬಾಲದಂತೆ ಬರುತ್ತಿದ್ದದ್ದು ನನಗೆ ತಿಳಿದದ್ದು ಏರ್‌ಪೋರ್ಟಿನಲ್ಲಿ.

ಪಾರ್ಕಿಂಗ್‌ನಲ್ಲಿ ಅನ್ನ ಮಾಡಿ, ಸಾರು ಕುದಿಸಿ, ಹೋಗಿ ಅವಳನ್ನು ಕರೆತಂದೆ. ಅವಳು ಮೂರು ಸಲ ಬಡಿಸಿಕೊಂಡು ಉಂಡಳು. ಕೈತೊಳೆಯಲು ಎದ್ದಾಗ ಕಣ್ಣು ಗಣಪತಿಯ ಕಡೆ ಹೋಯಿತು.

"ಅಯ್ಯೋ, ಇದು ಅವತ್ತಿಂದ ಉರೀತಾನೇ ಇದೆಯಾ? ಹೊರಡೋ ಗಡಿಬಿಡೀಲಿ ಆರಿಸೋದೇ ಮರ್ತಿದ್ದೆ. ನೀವಾದ್ರೂ ನೋಡಬಾರ್ದಾ?"

ಇಡೀ ಚಳಿಗಾಲ ಆ ಮರೆವಿಗೆ ಕಾವಲು ಕೂತಿದ್ದೆ ಎಂದು ಹೇಗೆ ಹೇಳಲಿ? "ಬೇಕೂಂತ್ಲೇ ಬಿಟ್ಟಿದ್ದೆ. ಬ್ಯಾಟರಿಗೆ ಸದಾ ಒಂಚೂರು ಕೆಲಸ ಇರಬೇಕು, ಅದರ ಆರೋಗ್ಯಕ್ಕೆ ಒಳ್ಳೇದು" ಎಂದೆ. ಅವಳು ನನ್ನನ್ನು ನೋಡಿದಳು, ಗಣಪತಿಯ ಕೆಳಗಿನ ವೈರನ್ನು ನೋಡಿದಳು, ಇಂಗಿನ ಡಬ್ಬಿಯನ್ನು ನೋಡಿದಳು. "ಓಹೋ" ಎಂದು ಸ್ವಿಚ್ ಆರಿಸಿದಳು.

ಆ ಬೇಸಿಗೆ ನಯಾಗರಾ ನೋಡಿದೆವು, ಮೊಸರು ಹುಳಿಯಾಗಲಿಲ್ಲ. ಒಂದೆರಡು ವರ್ಷದ ಮೇಲೆ ತಾಯಿಯನ್ನು ನೋಡಲು ಅವಳು ಮತ್ತೆ ಮೈಸೂರಿಗೆ ಹೊರಟಳು. ಸೂಟ್‌ಕೇಸನ್ನು ಕಾರಿನಲ್ಲಿಟ್ಟು, ಒಂದು ನಿಮಿಷ ಎಂದು ಮೋಟರ್ ಹೋಮ್ ಹತ್ತಿ ಇಳಿದಳು. ಒಳಗೆ ಕೆಂಪು ದೀಪ ಉರಿಯುತ್ತಿತ್ತು. ಏಕೆ ಎಂಬಂತೆ ನೋಡಿದೆ.

"ಬ್ಯಾಟರಿ ಆರೋಗ್ಯಕ್ಕೆ" ಎಂದಳು, ನಗದೆ.

ಅವಳಿಗೆ ಬ್ಯಾಟರಿಯ ವಿಚಾರ ಏನೂ ತಿಳಿಯದು ಎಂದು ನಾನು ಅಲ್ಲಿಯವರೆಗೂ ನಂಬಿದ್ದೆ.