ಯೋಚನಾನಿರತ ಬಸಲಿಂಗ

ಪೀಣ್ಯ ಎರಡನೇ ಹಂತದ ಮಂಗಳಧ್ವನಿ ಕುಕ್ಕರ್ ಬಿಡಿಭಾಗಗಳ ಕಾರ್ಖಾನೆಯ ನಿಯಮಾವಳಿಯ ಪ್ರಕಾರ, ಅಲ್ಲಿ ತಯಾರಾಗುವ ಪ್ರತಿಯೊಂದು ಸೀಟಿಯೂ ಹೊರಗೆ ಹೋಗುವ ಮುನ್ನ ಒಬ್ಬ ಮನುಷ್ಯನ ಕಿವಿಯ ಬಳಿ ಕೂಗತಕ್ಕದ್ದು. ಆ ಮನುಷ್ಯನ ಹೆಸರು ಬಸಲಿಂಗ.

ಕುಷ್ಟಗಿ ಕಡೆಯಿಂದ ಬಂದು ಬಾಗಲಗುಂಟೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದ ಬಸಲಿಂಗ ಒಳ್ಳೆಯ ಕೆಲಸಗಾರ. ಸೀಟಿ ಕೂಗಿದರೆ 'ಪಾಸ್' ಎನ್ನುತ್ತಿದ್ದ, ಕೂಗದಿದ್ದರೆ ಪಕ್ಕಕ್ಕೆ ಎಸೆಯುತ್ತಿದ್ದ. ವರ್ಷಗಟ್ಟಲೆ ಹೀಗೆ ನಡೆದು, ಈಗ ಅವನ ಕಿವಿಯೊಳಗೇ ಒಂದು ಕುಕ್ಕರ್ ಸಂಸಾರ ಹೂಡಿದಂತಾಗಿತ್ತು. ಮನೆಯಲ್ಲಿ ಹೆಂಡತಿ ದಾನೇಶ್ವರಿ ಮಾತಾಡಿದರೆ ಅವನೊಬ್ಬನನ್ನು ಬಿಟ್ಟು ವಠಾರಕ್ಕೆಲ್ಲ ಕೇಳಿಸುತ್ತಿತ್ತು. "ರೀ, ಉಪ್ಪು ತೀರೈತಿ!" ಎಂದು ಆಕೆ ಕೂಗಿದರೆ ಪಕ್ಕದ ಮನೆಯವರು ಉಪ್ಪು ತಂದುಕೊಡುತ್ತಿದ್ದರು.

ದಾನೇಶ್ವರಿಯ ತಮ್ಮ ಮುತ್ತಣ್ಣ ಚಂದಾಪುರದ ಒಂದು ದಿಂಬಿನ ಕಾರ್ಖಾನೆಯಲ್ಲಿದ್ದ. ಅಲ್ಲೊಂದು ಕೆಲಸ ಖಾಲಿಯಿದೆ ಎಂದು ಫೋನ್ ಮಾಡಿದ.

"ನಡೀರಿ, ಹೋಗೂಣು," ಎಂದಳು ದಾನೇಶ್ವರಿ, ಗಂಡನ ಕಿವಿಗೇ ಬಾಯಿಟ್ಟು. "ದಿಂಬು ಏನ್ ಸೀಟಿ ಹೊಡೀತಾವೇನು?"

ಮಾತು ಸರಿಯೇ. ಆದರೆ ಊರು ಬಿಟ್ಟು ಬಂದಾಗ ಮೊದಲು ಅನ್ನ ಕೊಟ್ಟ ಜಾಗ. ಇರುವುದೋ ಬಿಡುವುದೋ ತಿಳಿಯದೆ ಬಸಲಿಂಗ ಎಚ್.ಆರ್. ನಿವೇದಿತಾ ಮೇಡಂ ಬಳಿ ಹೋದ.

"ಮೇಡಂ, ಕೆಲಸ ಬಿಡಬೇಕಂತ ಮಾಡೀನ್ರಿ."

ನಿವೇದಿತಾ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆ ಕಾರ್ಖಾನೆಯನ್ನು ಯಾರೂ ಬಿಟ್ಟು ಹೋಗುವುದಿಲ್ಲವೆಂದು ಉದ್ಯಮಿಗಳ ಸಂಘವೊಂದು ಅದಕ್ಕೆ ವರ್ಷವರ್ಷವೂ 'ನೌಕರಸ್ನೇಹಿ' ಪ್ರಶಸ್ತಿ ಕೊಡುತ್ತಿತ್ತು. ಆ ಫಲಕ ತೋರಿಸಿಯೇ ಮಾಲೀಕ ವಿಶ್ವನಾಥ್ ದೊಡ್ಡ ಆರ್ಡರ್‌ಗಳನ್ನು ಹಿಡಿಯುತ್ತಿದ್ದರು.

"ಡಿಸೈಡ್ ಮಾಡ್ಬಿಟ್ರಾ, ಇಲ್ಲ ಇನ್ನೂ ಯೋಚನೆ ಮಾಡ್ತಾ ಇದೀರಾ?" ಎಂದು ನಿವೇದಿತಾ ಅವನ ಕಿವಿಯ ಬಳಿ ಬಾಗಿ ಕೂಗಿದರು.

"ಇನ್ನಾ ಯೋಚನೀನ ಐತ್ರಿ."

"ಸದ್ಯ, ಉಳಿಸಿದ್ರಿ! ಯೋಚನೆ ಮಾಡ್ತಿರೋರು ಬಿಟ್ಟೋದೋರ ಲೆಕ್ಕಕ್ಕೆ ಬರಲ್ಲ. ನಿಧಾನಕ್ಕೆ ಮಾಡಿ. ಸಂಬಳ ನಿಲ್ಲಲ್ಲ."

ಅಂದೇ ಸಂಜೆ ಗೋಡೆಯ ಮೇಲೆ ಪ್ರಕಟಣೆ ಬಂತು: "ಶ್ರೀ ಬಸಲಿಂಗ ಅವರನ್ನು ತಕ್ಷಣದಿಂದ ಜಾರಿಗೆ ಬರುವಂತೆ ಯೋಚನಾನಿರತ ನೌಕರರೆಂದು ಘೋಷಿಸಲಾಗಿದೆ. ಸದರಿಯವರ ಯೋಚನೆಗೆ ಯಾರೂ ಅಡ್ಡಿಪಡಿಸತಕ್ಕದ್ದಲ್ಲ. ಯೋಚನೆಯು ಅವಸರದಲ್ಲಿ ಮುಗಿದುಹೋಗದಂತೆ ಸಂಬಂಧಪಟ್ಟವರು ಎಚ್ಚರ ವಹಿಸುವುದು."

ಗೋದಾಮಿನ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಫ್ಯಾನ್ ಹಾಕಿಸಿ, ಮೆತ್ತನೆಯ ಕುರ್ಚಿ ಇಟ್ಟು, ಬಾಗಿಲಿಗೆ 'ಚಿಂತನ ಕೊಠಡಿ' ಎಂದು ಬರೆಸಿದರು. ಚಹಾದ ಜೊತೆ ಬಿಸ್ಕತ್ತು ಬರತೊಡಗಿತು. ಬಸಲಿಂಗ ಪ್ರಾಮಾಣಿಕ, ಮೊದಮೊದಲು ನಿಜವಾಗಿಯೂ ಯೋಚಿಸಿದ. ಆಮೇಲೆ ನಿದ್ದೆ ಬಂತು. ಎಚ್ಚರವಾದಾಗ ಕಿಟಕಿಯ ಮೇಲೆ ಪಾರಿವಾಳ ಗುಟುರು ಹಾಕುವುದು ಕೇಳಿಸಿತು. ಪಾರಿವಾಳಕ್ಕೆ ದನಿಯಿದೆ ಎಂಬುದನ್ನೇ ಅವನು ಮರೆತುಬಿಟ್ಟಿದ್ದ. ಕಣ್ಣು ತುಂಬಿಬಂತು.

ದಿನ ಕಳೆದಂತೆ ಕಿವಿ ತಿಳಿಯಾಯಿತು. ಒಮ್ಮೆ ಅವನು ಉಣ್ಣಲು ಕುಳಿತಾಗ ದಾನೇಶ್ವರಿ ಒಲೆಯ ಕಡೆ ತಿರುಗಿ ಗೊಣಗಿದಳು: "ರೊಟ್ಟಿ ಮುಕ್ಕೂದರಾಗ ಥೇಟ್ ಅವ್ವನ ಮಗ."

"ನಮ್ಮವ್ವನ ಸುದ್ದಿಗೆ ಯಾಕ ಹೋಗ್ತಿ?" ಎಂದ ಬಸಲಿಂಗ.

ಆಕೆಯ ಕೈಯಲ್ಲಿದ್ದ ರೊಟ್ಟಿ ದೊಪ್ಪನೆ ಹಂಚಿನ ಮೇಲೆ ಬಿತ್ತು. "ಕೇಳಸ್ತೇನ್ರಿ?"

"ಕೇಳಸ್ತು."

ದಾನೇಶ್ವರಿಗೆ ಸಂತೋಷಕ್ಕೆ ಅಳುವೇ ಬಂತು. ಇಷ್ಟು ವರ್ಷ ನೆಮ್ಮದಿಯಾಗಿ ಗೊಣಗಿಕೊಂಡಿದ್ದ ಸುಖ ಇನ್ನಿಲ್ಲವಲ್ಲ ಎಂಬ ಸಣ್ಣ ಬೇಸರವೂ ಅದರಲ್ಲಿ ಸೇರಿತ್ತು.

ಇತ್ತ ಬಿಸ್ಕತ್ತಿನ ಸುದ್ದಿ ಕಾರ್ಖಾನೆಯಲ್ಲಿ ಹಬ್ಬಿತು. ಪ್ಯಾಕಿಂಗ್ ವಿಭಾಗದ ಭಾಗ್ಯಮ್ಮ, "ಯಾಕೋ ನಂಗೂ ಯೋಚ್ನೆ ಸುರುವಾಗೈತೆ ಮೇಡಂ," ಎಂದು ಬಂದರು. ಅವರ ಹಿಂದೆ ಅರ್ಧ ಪ್ಯಾಕಿಂಗ್ ವಿಭಾಗವೇ ಬಂತು. ಹೊಸ ಪ್ರಕಟಣೆ ಹೊರಟಿತು: "ಸ್ಥಳಾಭಾವದ ಕಾರಣ ನೌಕರರು ಪಾಳಿಯಲ್ಲಿ ಯೋಚಿಸತಕ್ಕದ್ದು. ಗೊರಕೆಯನ್ನು ಗಾಢ ಚಿಂತನೆಯೆಂದು ಪರಿಗಣಿಸಲಾಗುವುದು."

ಕೇಳುವ ಕಿವಿಯಿಲ್ಲದೆ, ಕೂಗದ ಸೀಟಿಗಳೂ ಪೇಟೆಗೆ ಹೋದವು. ಹಬೆ ಹೋಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ದೂರುಗಳು ಬಂದವು. ವಿಶ್ವನಾಥ್ ದೂರುಗಳನ್ನೆಲ್ಲ ಶಾಂತವಾಗಿ ಓದಿ, ಬೆಲೆ ಏರಿಸಿ, ಡಬ್ಬಿಯ ಮೇಲೆ 'ಮೌನ ಸೀಟಿ' ಎಂದು ಅಚ್ಚು ಹಾಕಿಸಿದರು. ಆನ್‌ಲೈನ್ ಮೀಟಿಂಗ್ ನಡುವೆ ಕುಕ್ಕರ್ ಕೂಗುವುದು ಸಭ್ಯತೆಯಲ್ಲವೆಂದು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಸಂಘವೊಂದು ಮೌನ ಸೀಟಿಯನ್ನು ಕಡ್ಡಾಯ ಮಾಡಿತು. ಬೇಳೆ ಬೆಂದದ್ದು ಗೊತ್ತಾಗದೆ ತೊಂದರೆಯಾದಾಗ, ಸೆಕ್ಯುರಿಟಿಯವರು ಅಡುಗೆಮನೆಗೆ ಬಂದು, ಹಬೆ ನೋಡಿ, ತಮ್ಮ ಸೀಟಿ ಊದಿ ಹೋಗುವ ಏರ್ಪಾಡಾಯಿತು. ಯಾರಿಗೂ ತಕರಾರಿರಲಿಲ್ಲ.

ತಕರಾರಿದ್ದದ್ದು ಬಸಲಿಂಗನಿಗೆ. ಕೈಕಟ್ಟಿ ಕುಳಿತು ಮೈ ಜಡ್ಡುಗಟ್ಟಿತ್ತು. "ನಿನ್ನ ಗಂಡ ಏನ್ ಮಾಡ್ತಾನ ಅಂತ ಮಂದಿ ಕೇಳಿದ್ರ ಏನ್ ಹೇಳ್ಲಿ? ಯೋಚನಿ ಮಾಡ್ತಾನ ಅನ್ಲೇನು?" ಎಂದಳು ದಾನೇಶ್ವರಿ, ಈಗ ಮೆಲುದನಿಯಲ್ಲೇ. ಅತ್ತ ಮುತ್ತಣ್ಣನ ಫೋನು: "ಮಾಮಾ, ನಮ್ಮ ಸಾಹುಕಾರ್ರು ಇನ್ನ ಕಾಯಾಂಗಿಲ್ಲ ಅಂತಾರ."

ಮರುದಿನವೇ ಬಸಲಿಂಗ ನಿವೇದಿತಾ ಮುಂದೆ ನಿಂತ. "ಹೋಗೂದಂತ ಗಟ್ಟಿ ಮಾಡೀನ್ರಿ ಮೇಡಂ."

"ಅಯ್ಯೋ, ಗಟ್ಟಿ ಯಾಕ್ ಮಾಡೋಕೋದ್ರಿ? ಮುಂದಿನ ತಿಂಗಳು ಪ್ರಶಸ್ತಿ ಇದೆ ಕಣ್ರೀ!"

ವಿಷಯ ವಿಶ್ವನಾಥ್ ಅವರ ಟೇಬಲ್ಲಿಗೆ ಹೋಯಿತು. ಅವರು ದೊಡ್ಡ ಮನಸ್ಸಿನವರು. "ಚಂದಾಪುರದಲ್ಲಿ ಕೆಲಸ ಮಾಡಿ ಬಸಲಿಂಗ, ನಾನು ಬೇಡ ಅನ್ನಲ್ಲ. ಆದ್ರೆ ಯೋಚನೆ ಮಾತ್ರ ನಿಲ್ಲಿಸ್ಬೇಡಿ. ನಮ್ಮ ಚಂದಾಪುರ ವಲಯದ ಚಿಂತಕರು ಅಂತ ಹೆಸರು ಇರ್ಲಿ."

"ಪಗಾರ ಸಾರ್?"

"ಅದನ್ನ ಅವರು ಕೊಡ್ತಾರಲ್ಲ!"

ಬಸಲಿಂಗ ಚಂದಾಪುರಕ್ಕೆ ಹೋದ. ದಿನವಿಡೀ ಹತ್ತಿ ತುಂಬಿ, ಹೊಲಿದು, ದಿಂಬನ್ನು ಒಮ್ಮೆ ಗುದ್ದಿ ನೋಡುವ ಕೆಲಸ. ಎಷ್ಟು ಗುದ್ದಿದರೂ ದಿಂಬು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅವನು ಹಾಡು ಗುನುಗುತ್ತ ಗುದ್ದುತ್ತಿದ್ದ.

ಪ್ರಶಸ್ತಿ ಸಮಾರಂಭಕ್ಕೆ ಅವನನ್ನು ಕರೆಸಿ, 'ಅಚಲ ನಿಷ್ಠೆಯ ನೌಕರ' ಎಂದು ಶಾಲು ಹೊದಿಸಿದರು. ದಿಂಬಿನ ಕಾರ್ಖಾನೆಯ ಮಾಲೀಕ ಪಂಚಾಕ್ಷರಿಯವರೇ ರಜೆ ಕೊಟ್ಟು, ತಾವೂ ಬಂದು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರು. ಎರಡು ಮಾತಾಡಿ ಎಂದಾಗ ಬಸಲಿಂಗ ಮೈಕಿನ ಮುಂದೆ ಕೈ ಮುಗಿದು, "ಇನ್ನಾ ಯೋಚನಿ ಮಾಡಾಕತ್ತೀನ್ರಿ," ಎಂದ. ಸಭೆ ಎದ್ದು ನಿಂತು ಗೌರವ ಸೂಚಿಸಿತು.

ಊಟದ ಹೊತ್ತಿನಲ್ಲಿ ಪಂಚಾಕ್ಷರಿ ನಿವೇದಿತಾ ಪಕ್ಕಕ್ಕೆ ಬಂದು, "ನಿಮ್ಮಂಥೋರು ನಮ್ಮಲ್ಲಿಗೆ ಬಂದ್ರ ಛಲೋ ಆಗ್ತದ ನೋಡ್ರಿ," ಎಂದರು.

ನಿವೇದಿತಾ ಹೋಳಿಗೆ ಮುರಿಯುತ್ತ, "ಯೋಚನೆ ಮಾಡ್ತೀನಿ ಸಾರ್," ಎಂದರು.

ಎದುರಿನ ಎಲೆಯಲ್ಲಿ ಉಣ್ಣುತ್ತಿದ್ದ ವಿಶ್ವನಾಥ್‌ಗೆ ಅದು ಕೇಳಿಸಿತು. ಮರುದಿನ ಬೆಳಿಗ್ಗೆ ಇಬ್ಬರು ಬಂದು ಮೇಡಂ ಅವರ ಕುರ್ಚಿಯನ್ನು ಚಿಂತನ ಕೊಠಡಿಗೆ ಸಾಗಿಸಿದರು. ಒಳಗಿದ್ದ ಭಾಗ್ಯಮ್ಮ ಸ್ವಲ್ಪ ಸರಿದು, ಫ್ಯಾನಿನ ಕೆಳಗೆ ಜಾಗ ಮಾಡಿಕೊಟ್ಟರು.